ಮೈಕಿಗೊಂದು ಬಟ್ಟೆ ಚೀಲ

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲೇರಿ ಮೊದಲು ಕೂಗೋದು ‘ಸದ್ದಲೇ’ ಅಂತ. ಅಷ್ಟು ದೊಡ್ಡ ಜನಸಾಗರ ಗಪ್‌ಚುಪ್. ಆಮೇಲೆ ಒಂದೇ ಒಂದು ಸಾಲು. ಮೈಕ್ ಇಲ್ಲದ ಕಾಲದಲ್ಲಿ ಒಬ್ಬನ ದನಿ ಎಲ್ಲರಿಗೂ ಮುಟ್ಟಬೇಕಾದರೆ ಉಳಿದವರು ಬಾಯಿ ಮುಚ್ಚಬೇಕಿತ್ತು. ಮೈಕ್ ಬಂದ ಮೇಲೆ ಮುಚ್ಚಿಡಬೇಕಾದ್ದು ಮೈಕನ್ನೇ!

ಕನ್ನಡದ ಮೊದಲ ಬಾನುಲಿ ಹುಟ್ಟಿದ್ದೂ ಒಂದು ಮನೆಯಲ್ಲಿ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವಾಟ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಇವತ್ತಿನ ನಮ್ಮ ಬೆಡ್‌ರೂಮ್ ಪಾಡ್‌ಕಾಸ್ಟುಗಳಿಗೆಲ್ಲ ಅದೇ ಹಿರಿಯಜ್ಜ ಅನ್ನಿ. ಆ ಕಾಲದ ಮೈಕುಗಳೋ, ಬಾಣಂತಿಗಿಂತ ನಾಜೂಕು. ಕಾರ್ಬನ್ ಮೈಕಿನೊಳಗಿನ ಇದ್ದಿಲ ಹರಳಿಗೆ ತೇವ ತಾಗಿದರೆ ಗಂಟುಕಟ್ಟುತ್ತಿತ್ತು. ರಿಬ್ಬನ್ ಮೈಕಿನಲ್ಲಿ ಇರುವುದು ಕೂದಲಿಗಿಂತ ಎಷ್ಟೋ ತೆಳುವಾದ ಅಲ್ಯೂಮಿನಿಯಂ ಪಟ್ಟಿ. ಜೋರಾಗಿ ‘ಉಫ್’ ಅಂದರೂ ಹಿಗ್ಗಿಬಿಡುತ್ತೆ. ಮಲಗಿಸಿಟ್ಟರೆ ಜೋಲುತ್ತೆ. ಅದಕ್ಕೇ ಸ್ಟುಡಿಯೋದವರು ಅದನ್ನು ನಿಲ್ಲಿಸಿಯೇ ಇಡುತ್ತಿದ್ದರು, ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗಲೂ ಬಟ್ಟೆ ಚೀಲ ಹಾಕುತ್ತಿದ್ದರು.

ನಮ್ಮ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ಮಳೆ ಕಮ್ಮಿ, ಧೂಳು ಜಾಸ್ತಿ. ಕೊಟ್ಟೂರೇಶ್ವರನ ತೇರು ಎಳೆಯುವಾಗ ಏಳೋ ಧೂಳು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತ್ರೆ, ನಾಟಕ, ಭಜನೆಗೆ ಬಳಸೋ ಡೈನಾಮಿಕ್ ಮೈಕಿನ ಹೊಟ್ಟೆಯಲ್ಲಿ ಅಯಸ್ಕಾಂತ ಇರುತ್ತೆ; ವೆಲ್ಡಿಂಗ್ ಅಂಗಡಿಯ ಪಕ್ಕ ಬಿಚ್ಚಿಟ್ಟರೆ ಕಬ್ಬಿಣದ ಪುಡಿ ಜಾಲರಿಯೊಳಗೆ ಹೋಗಿ ಕೂತುಬಿಡುತ್ತೆ, ಮತ್ತೆ ಹೊರಗೆ ಬರಲ್ಲ.

ಇದು ಬರೀ ಸಾಮಾನಿನ ಚಿಂತೆ ಅಲ್ಲ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆ ಹಾದಿಯಲ್ಲಿ ಸಿಗೋ ಮರಿಯಮ್ಮನಹಳ್ಳಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಊರು. ಚೌಡಿಕೆ ಹಿಡಿದು ಹಾಡೋ ಹಿರಿಯರ ಪದಗಳಲ್ಲಿ ಎಷ್ಟೋ ಇನ್ನೂ ಬಾಯಲ್ಲೇ ಇವೆ. ಹಾಡೋಕೆ ಮನಸ್ಸು ಬಂದ ಸಂಜೆ ಮೈಕ್ ಕರಕರ ಅಂದರೆ ಆ ಸಂಜೆ ವಾಪಸ್ ಬರಲ್ಲ.

ಹಾಗಂತ ದುಬಾರಿ ಪೆಟ್ಟಿಗೆಯನ್ನು ನಾನು ನಂಬಲ್ಲ. ಅದರೊಳಗಿನ ಸ್ಪಂಜು ಹತ್ತಿಪ್ಪತ್ತು ವರ್ಷಕ್ಕೆ ಪುಡಿಯಾಗಿ, ಅಂಟಂಟಾಗಿ, ಮೈಕಿನೊಳಗೇ ಉದುರುತ್ತೆ. ಕಾಪಾಡೋದೇ ಕೆಡಿಸುತ್ತೆ! ನಮ್ಮ ಕಡೆಯ ಕೌದಿ ಇದಕ್ಕಿಂತ ವಾಸಿ. ಹಳೇ ಸೀರೆಯ ಪದರಗಳನ್ನು ಒತ್ತೊತ್ತಾಗಿ ಹೊಲಿದ ಚೀಲ, ಒಳಗೆ ಒಗೆದ ಧೋತ್ರದ ನುಣುಪು ಬಟ್ಟೆ, ಬಾಯಿಗೊಂದು ಲಾಡಿ. ಕಂಬಳಿ ಗೊರವಯ್ಯನ ಹೆಗಲಿಗೇ ಚೆಂದ. ಮೈಕಿಗೆ ಬೇಡ, ಎಳೆ ಉದುರುತ್ತೆ. ಚೀಲವನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಕ್ಕಿ ಹಾಕೋರಿದ್ದಾರೆ, ಅದರ ಹಿಟ್ಟೂ ಧೂಳೇ ಅಲ್ವಾ? ಹಾಡು ಮುಗಿದ ತಕ್ಷಣ ಮಾತ್ರ ಡಬ್ಬಿಗೆ ತುರುಕಬೇಡಿ. ಉಸಿರಿನ ತೇವ ಆರೋವರೆಗೆ ಅರ್ಧ ಗಂಟೆ ತೆಳು ಬಟ್ಟೆ ಹೊದಿಸಿ ಹಾಗೇ ಬಿಡಿ.