ಕೆತ್ತಿದ ಕೈ, ಪರೀಕ್ಷಿಸಿದ ಕಣ್ಣು

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ತರುಣನೊಬ್ಬ ನುಡಿದನಂತೆ. ದೋಷವನ್ನು ತೋರಿಸಿಕೊಟ್ಟರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಹಿರಿಯನ ಪಂತ. ವಿಗ್ರಹಕ್ಕೆ ಗಂಧ ಲೇಪಿಸಿದರು. ಎಲ್ಲೆಡೆಯೂ ಒಣಗಿದ ಗಂಧ ನಾಭಿಯ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟು ಹೊಡೆದಾಗ ನೀರು, ಮರಳು, ಜೀವಂತ ಕಪ್ಪೆ ಹೊರಬಂದವು. ಪಂತದಂತೆ ಕೈ ಹೋಯಿತು. ಆ ತರುಣ ಡಂಕಣಾಚಾರಿ ತನ್ನ ಮಗನೇ ಎಂಬುದು ಆಮೇಲೆ ತಿಳಿಯಿತು.

ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಾಲದಲ್ಲಿ ಶಾಂತಲಾದೇವಿ ಕಟ್ಟಿಸಿದ್ದು ಈ ಚೆನ್ನಿಗರಾಯನ ಗುಡಿ. ಬೇಲೂರಿನ ಶಿಲ್ಪಿಗಳ ಅಂಕಿತಗಳಲ್ಲಿ ನಮಗೆ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು, ಜಕಣಾಚಾರಿಯದಲ್ಲ. ಐತಿಹ್ಯದ ತಂದೆಮಕ್ಕಳು ಎದುರಾಳಿಗಳು. ಶಾಸನದ ತಂದೆಮಕ್ಕಳು ಒಂದೇ ಗುಡಿಗಾಗಿ ದುಡಿದು ತಂತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟವರು. ಹಲವು ಕೈಗಳಿಂದಾಗುವ ಕೆಲಸದಲ್ಲಿ ಒಬ್ಬನ ದೋಷವನ್ನು ಮತ್ತೊಬ್ಬನು ಹೇಗೆ ಹೇಳಬೇಕು? ಹೇಳಿದ ಮೇಲೆ ಇಬ್ಬರೂ ಹೇಗೆ ಕೂಡಿ ಬಾಳಬೇಕು? ಈ ಪ್ರಶ್ನೆಯನ್ನು ನಮ್ಮ ಕಾಲದ ಒಂದು ಮಹಾನಿರ್ಮಾಣದ ಚರಿತ್ರೆಯಲ್ಲಿಟ್ಟು ನೋಡುವುದು ಈ ಭಾಷಣದ ಉದ್ದೇಶ.

ಆ ನಿರ್ಮಾಣದ ಹೆಸರು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲಾರಂಭಿಸಿದ ಈ ಗಣಕ ವ್ಯವಸ್ಥೆಯ ತಿರುಳನ್ನು ಕರ್ನೆಲ್ ಎನ್ನುತ್ತಾರೆ. ನಮ್ಮ ಆಂಡ್ರಾಯ್ಡ್ ಫೋನುಗಳೊಳಗೆ ಇರುವುದೂ ಅದೇ. ಇಂದು ಅದು ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರುಗಳದು. ಯಂತ್ರದ ಒಂದೊಂದು ಅಂಗಕ್ಕೂ ಕರ್ನೆಲ್ಲಿಗೂ ನಡುವೆ ನಿಂತು ಮಾತು ತಿಳಿಸುವ ದುಭಾಷಿಯೇ ಡ್ರೈವರು. ಅದನ್ನು ಯಾರು ಬೇಕಾದರೂ ಬರೆದು ಕಳುಹಿಸಬಹುದು. ಆದರೆ ಬಲ್ಲವರು ಎಲ್ಲರೆದುರಿಗೆ ಓದಿ ಪರಾಮರ್ಶಿಸದೆ ಅದು ಒಳಗೆ ಸೇರದು.

ಒಂದು ನಿದರ್ಶನ ನೋಡೋಣ. 1985ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಹೆಸರು ನಮಗೆ ಹೊಸದಲ್ಲ. 2011ರಲ್ಲಿ ಬಂದ ಬೀಗಲ್‌ಬೋನ್ ಎಂಬ ಅಂಗೈಯಗಲದ ಗಣಕದೊಳಗೆ ಆ ಸಂಸ್ಥೆಯ ಚಿಪ್ಪಿದೆ. ಅದರಲ್ಲಿ ಮುಖ್ಯ ಪ್ರೊಸೆಸರಿನ ಜತೆಗೆ ಪಿಆರ್‌ಯು ಎಂಬ ಎರಡು ಪುಟ್ಟ ಪ್ರೊಸೆಸರುಗಳಿವೆ. ಸೆಕೆಂಡಿಗೆ 20 ಕೋಟಿ ಹೆಜ್ಜೆಯಿಡುವ ಇವುಗಳ ಗುಣ ವೇಗಕ್ಕಿಂತ ಹೆಚ್ಚಾಗಿ ಕಾಲನಿಷ್ಠೆ. ಮೋಟಾರು ತಿರುಗಿಸುವ, ಕಾರ್ಖಾನೆಯ ಸಂಕೇತಗಳನ್ನು ಕ್ಷಣ ತಪ್ಪದೆ ಹಿಡಿಯುವ ಕೆಲಸ ಅವುಗಳದು. ಇವುಗಳಿಗೆ ಕೆಲಸ ತುಂಬುವುದು, ಹೊರಡಿಸುವುದು, ನಿಲ್ಲಿಸುವುದು ಡ್ರೈವರಿನ ಹೊಣೆ.

ಇಂಥ ಡ್ರೈವರನ್ನು ಪರಾಮರ್ಶಿಸುವವನು ಏನನ್ನು ನೋಡುತ್ತಾನೆ? ಪುಟ್ಟ ಪ್ರೊಸೆಸರಿಗೆ ತುಂಬುವ ಬರಹ ಅದಕ್ಕೆ ಮೀಸಲಾದ ಸ್ಮೃತಿಕೋಶದ ಎಲ್ಲೆಯನ್ನು ದಾಟೀತೇ? ಐದು ಹೆಜ್ಜೆಗಳಲ್ಲಿ ನಾಲ್ಕನೆಯದು ಕೈಕೊಟ್ಟರೆ ಹಿಂದಿನ ಮೂರನ್ನು, ಸಾರುವೆ ಬಿಚ್ಚುವವರಂತೆ, ಕಟ್ಟಿದ ಕ್ರಮಕ್ಕೆ ವಿಲೋಮವಾಗಿ ಬಿಚ್ಚಲಾಗಿದೆಯೇ? ಉತ್ತರಕ್ಕಾಗಿ ಕಾಯುವಲ್ಲಿ ಕಾಯುವಿಕೆಗೊಂದು ಮಿತಿಯಿದೆಯೇ? ಎಲ್ಲವೂ ಸರಿಯಾಗಿ ನಡೆಯುವ ದಿನ ಈ ದೋಷಗಳು ಕಾಣುವುದಿಲ್ಲ. ಒಣಗದ ಗಂಧದಂತೆ, ಹುಡುಕಿದ ಕಣ್ಣಿಗೇ ಅವು ತೋರುವುವು.

ಅರಸೀಕೆರೆಯ ಶಿವಾಲಯದ ಮುಖಮಂಟಪವನ್ನು ನೆನೆಯಿರಿ. ಸುಮಾರು 1220ರ ಆ ಮಂಟಪದ ವಿನ್ಯಾಸ 16 ಮೊನೆಗಳ ನಕ್ಷತ್ರ. ಅಲ್ಲಿ ಒಂದು ಕಂಬದ ಅಳತೆ ತಪ್ಪಿದರೆ ತಪ್ಪು ಆ ಕಂಬದಲ್ಲೇ ನಿಲ್ಲದು. ತೊಲೆಗೂ ಮೇಲಿನ ಭುವನೇಶ್ವರಿಗೂ ಏರುತ್ತದೆ. ಕರ್ನೆಲ್ಲಿನ ಒಳಗೆ ಡ್ರೈವರು ಮಾಡಿದ ತಪ್ಪೂ ಹಾಗೆಯೇ. ಇಡೀ ಯಂತ್ರವನ್ನು ಕೆಡವಬಲ್ಲದು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದು, ಗಾಳಿಗೊಡ್ಡಿದಂತೆ ಗಡುಸು. ತಿದ್ದುವುದಿದ್ದರೆ ಮೊದಲೇ ತಿದ್ದಬೇಕು.

ಆ ಪಿಆರ್‌ಯುಗಳಿಗಾಗಿ 2011ರಲ್ಲಿ ಕರ್ನೆಲ್ಲಿಗೆ ಸೇರಿದ ಮೊದಲ ಡ್ರೈವರು ಚಿಕ್ಕದು. ಬಹುಪಾಲು ಕೆಲಸವನ್ನು ಹೊರಗಿನ ಪ್ರೋಗ್ರಾಮಿಗೆ ಬಿಟ್ಟುಕೊಟ್ಟಿತ್ತು. ಇಂಥ ಸಹಾಯಕ ಪ್ರೊಸೆಸರುಗಳಿಗೆಲ್ಲ ಅನ್ವಯಿಸುವ ‘ರಿಮೋಟ್‌ಪ್ರಾಕ್’ ಎಂಬ ಸಾಮಾನ್ಯ ಚೌಕಟ್ಟು ಮುಂದೆ ಬೆಳೆಯಿತು. ಅದಕ್ಕೆ ಹೊಂದುವ ಹೊಸ ಬರಹವನ್ನು 2018ರ ಕೊನೆಯಲ್ಲಿ ಪರಾಮರ್ಶೆಗೆ ಇಟ್ಟರು. ಅದರ ಮುಖ್ಯ ಭಾಗ ಕರ್ನೆಲ್ಲಿನಲ್ಲಿ ಕಾಣಿಸಿದ್ದು 2021ರ ಫೆಬ್ರುವರಿಯ 5.11ನೆಯ ಆವೃತ್ತಿಯಲ್ಲಿ. ಎರಡು ವರ್ಷ ದೀರ್ಘವೆನಿಸೀತು. ಹಳೇಬೀಡಿನ ಹೊಯ್ಸಳೇಶ್ವರದ ಹೊರಭಿತ್ತಿಯ ಆನೆಗಳ ಸಾಲನ್ನು ಕಂಡವರಿಗೆ ಅಚ್ಚರಿಯಾಗದು. ಪ್ರತಿಯೊಂದು ಆನೆಗೂ ಅದರದೇ ಚೆಲುವಿದೆ. ಆದರೆ ಯಾವ ಆನೆಯೂ ಸಾಲನ್ನು ಮುರಿಯುವುದಿಲ್ಲ.

ಇನ್ನು ಅಂಕಿತದ ವಿಚಾರ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಸ್ವತ್ತಾದ ಬರಹವನ್ನು ಲಿನಕ್ಸಿಗೆ ಸೇರಿಸಲಾಗಿದೆಯೆಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರ ಕೈಯಿಂದ ಬಂತೆಂದು ಹೇಳುವ ಅಗತ್ಯ ಆಗ ತಲೆದೋರಿತು. 2004ರಿಂದ ಪ್ರತಿಯೊಂದು ತಿದ್ದುಪಡಿಯ ಕೊನೆಗೂ ಬರೆದವನ ಮತ್ತು ಅದನ್ನು ಮುಂದಕ್ಕೆ ದಾಟಿಸಿದವರ ರುಜು ಬೀಳತೊಡಗಿತು. ಪರಾಮರ್ಶಿಸಿದವನ ರುಜುವೂ ಬಳಿಕ ಜತೆಗೂಡಿತು. ದೋಷವೇ ಇಲ್ಲವೆಂಬ ಭರವಸೆಯನ್ನು ಆ ರುಜು ಕೊಡುವುದಿಲ್ಲ. ಓದಿದ್ದೇನೆ, ಸಂದೇಹಗಳನ್ನು ಹೇಳಿದ್ದೇನೆ, ಸೇರಿಸಲು ಯೋಗ್ಯವೆಂದು ನಂಬಿದ್ದೇನೆ ಎಂಬಷ್ಟೇ ಅದರ ಅರ್ಥ. ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿ, ಹೀಗೆ ಬೇರೆ ಬೇರೆ ಹೊಣೆಗೆ ಬೇರೆ ಬೇರೆ ಹೆಸರು ಕೊಟ್ಟು ಮುಗಿಯುವ ನಮ್ಮ ಶಾಸನಗಳನ್ನು ಓದಿದವರಿಗೆ ಈ ಪದ್ಧತಿ ಅಪರಿಚಿತವೆನಿಸದು.

ಆದರೆ ದೋಷ ಹೇಳುವ ನಾಲಗೆಯ ಪ್ರಶ್ನೆ ಬಹುಕಾಲ ಉಳಿದಿತ್ತು. ಟೋರ್ವಾಲ್ಡ್ಸರ ಕಟುನುಡಿ ಜಗತ್ಪ್ರಸಿದ್ಧವಾಗಿತ್ತು. ಬರಹದ ಮೇಲಿನ ಸಿಟ್ಟು ಬರೆದವನ ಮೇಲೂ ಹರಿಯುತ್ತಿತ್ತು. 2018ರ ಸೆಪ್ಟೆಂಬರಿನಲ್ಲಿ ಅವರೇ ಬಹಿರಂಗವಾಗಿ ಕ್ಷಮೆ ಕೋರಿ, ಕೆಲಕಾಲ ಕೆಲಸದಿಂದ ಸರಿದು ನಿಂತರು. ಹೊಸದೊಂದು ನಡವಳಿಕೆಯ ಸಂಹಿತೆ ಆಗಲೇ ಜಾರಿಗೆ ಬಂತು. ಮರುತಿಂಗಳು ಅವರು ಹಿಂತಿರುಗಿದರು. ಪರೀಕ್ಷೆಯ ಬಿಗಿ ಸಡಿಲಬೇಕೆಂದು ಯಾರೂ ಕೇಳಿರಲಿಲ್ಲ. ಕಲ್ಲಿನ ದೋಷವನ್ನು ಕೈಯ ಮೇಲೆ ಹೊರಿಸಬಾರದೆಂಬುದೇ ಅಲ್ಲಿಯ ಪಾಠ.

ಸಾಹಿತ್ಯ ವಿಮರ್ಶೆಯಲ್ಲಿ ತೊಡಗಿದ ನಮಗೂ ಇದು ದೂರದ ಮಾತಲ್ಲ. ಕೃತಿಯ ಕುಂದನ್ನು ಮುಚ್ಚುವ ದಾಕ್ಷಿಣ್ಯ, ಕುಂದಿಗಾಗಿ ಕರ್ತೃವನ್ನೇ ಕಡಿಯುವ ಆವೇಶ, ಎರಡನ್ನೂ ಬಲ್ಲೆವು. ಕೈ ಕಳೆದುಕೊಂಡ ಶಿಲ್ಪಿಯನ್ನು ನಮ್ಮ ಜನಪದರು ಅಷ್ಟಕ್ಕೇ ಬಿಡಲಿಲ್ಲ. ತುಮಕೂರಿನ ಸಮೀಪದ ಕ್ರೀಡಾಪುರಕ್ಕೆ ಅವನನ್ನು ಕರೆದೊಯ್ದು ಇನ್ನೊಂದು ಚೆನ್ನಕೇಶವನ ಗುಡಿಯನ್ನು ಕಟ್ಟಿಸಿದರು; ಅಲ್ಲಿ ಕೈ ಮರಳಿ ಬಂತೆಂದು ಹೇಳಿ ಆ ಊರನ್ನೇ ಕೈದಾಳ ಎಂದು ಕರೆದರು. ದೋಷ ಹೊರಬೀಳಬೇಕು, ಕೆಲಸಗಾರನ ಕೈ ಉಳಿಯಬೇಕು ಎಂಬ ವಿವೇಕ ಆ ಊರಿನ ಹೆಸರಿನಲ್ಲಿಯೇ ಇದೆ.