ದಿಗ್ಬಂಧನ: ಪೋಖ್ರಣ್‌ನ ಸದ್ದು, ಬೆಂಗಳೂರಿಗೆ ಪೆಟ್ಟು

ಯುದ್ಧ ಹೂಡದೆಯೇ ಒಂದು ರಾಷ್ಟ್ರದ ಸಾಲ, ಸರಕು, ತಂತ್ರಜ್ಞಾನ ಅಥವಾ ಅದರ ನಾಯಕರ ಪ್ರಯಾಣವನ್ನು ತಡೆದು ದಾರಿಗೆ ತರುವ ಯತ್ನಕ್ಕೆ ದಿಗ್ಬಂಧನವೆನ್ನುತ್ತಾರೆ. ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿಯು ಈ ಅಧಿಕಾರವನ್ನು ಭದ್ರತಾ ಮಂಡಳಿಗೆ ನೀಡಿದೆ. ಮಂಡಳಿ ಆಜ್ಞಾಪಿಸಿದರೆ ಸದಸ್ಯ ರಾಷ್ಟ್ರಗಳೆಲ್ಲವೂ ಪಾಲಿಸಲೇಬೇಕು. ಬಿಡಿ ರಾಷ್ಟ್ರವೊಂದು ಸ್ವಂತ ಕಾನೂನಿನಡಿ ಹೇರುವ ನಿರ್ಬಂಧಕ್ಕೆ ಆ ವ್ಯಾಪ್ತಿಯಿಲ್ಲ.

ಹಾಗೆಂದು ಅದರ ಪೆಟ್ಟು ಸಣ್ಣದೇನಲ್ಲ. 1998ರ ಮೇ 11 ಮತ್ತು 13ರಂದು ಭಾರತ ಪೋಖ್ರಣ್‌ನಲ್ಲಿ ಅಣುಪರೀಕ್ಷೆ ನಡೆಸಿತು. ತಿಂಗಳಾಂತ್ಯಕ್ಕೆ ಪಾಕಿಸ್ತಾನವೂ ನಡೆಸಿತು. ಜೂನ್ 6ರಂದು ಭದ್ರತಾ ಮಂಡಳಿಯ 1172ನೇ ನಿರ್ಣಯವು ಎರಡನ್ನೂ ಖಂಡಿಸಿತಾದರೂ ಕಡ್ಡಾಯ ದಿಗ್ಬಂಧನ ವಿಧಿಸಲಿಲ್ಲ. ಆದರೆ ಅಮೆರಿಕ ತನ್ನ ಗ್ಲೆನ್ ತಿದ್ದುಪಡಿಯ ಮೇರೆಗೆ ನೆರವು ನಿಲ್ಲಿಸಿತು, ಜಪಾನ್ ಹೊಸ ಸಾಲ ತಡೆಯಿತು, ವಿಶ್ವಬ್ಯಾಂಕಿನ ಹಲವು ಸಾಲಗಳು ಮುಂದಕ್ಕೆ ಹೋದವು.

ದೆಹಲಿಯ ತೀರ್ಮಾನಕ್ಕೆ ಬೆಂಗಳೂರು ದಂಡ ತೆರಬೇಕಾಯಿತು. ಇಸ್ರೋ, ಎಚ್‌ಎಎಲ್ ಹಾಗೂ ಇಲ್ಲಿನ ರಕ್ಷಣಾ ಪ್ರಯೋಗಾಲಯಗಳು ಅಮೆರಿಕದ ನಿರ್ಬಂಧಿತ ಸಂಸ್ಥೆಗಳ ಪಟ್ಟಿ ಸೇರಿದವು. ಇಸ್ರೋಗೆ ಇದು ಹೊಸದಲ್ಲ. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಪಡೆಯಲು ಹೊರಟಿದ್ದಕ್ಕೆ 1992ರಲ್ಲೇ ಎರಡು ವರ್ಷಗಳ ನಿರ್ಬಂಧ ಅನುಭವಿಸಿತ್ತು. ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ದುಡಿಯುತ್ತಿದ್ದ ನಮ್ಮ ಎಂಜಿನಿಯರುಗಳು ಕೆಲಸವನ್ನು ಅರ್ಧಕ್ಕೇ ಬಿಟ್ಟು ಮರಳಿದರು. ಉಳಿದುದನ್ನು ಇಲ್ಲಿಯೇ ಪೂರೈಸಲಾಯಿತು. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಅದನ್ನು 18 ನಿಮಿಷ ಹಾರಿಸಿದರು. (ಎಂಜಿನ್ ಮಾತ್ರ ಅಮೆರಿಕದ್ದೇ ಆಗಿತ್ತು; ಸ್ವಾವಲಂಬನೆಯನ್ನು ಕೊಂಡಾಡುವ ಭರದಲ್ಲಿ ಇದನ್ನು ಮರೆಯುವವರುಂಟು.)

ಅದೇ ವರ್ಷ ಸೆಪ್ಟೆಂಬರ್ 22ರಂದು ಅಧ್ಯಕ್ಷ ಬುಷ್ ಅಣುಪರೀಕ್ಷೆಗಾಗಿ ಹೇರಿದ್ದ ನಿರ್ಬಂಧಗಳನ್ನು ತೆರವುಗೊಳಿಸಿದರು. ಭಾರತವೇನೂ ಮಣಿದಿರಲಿಲ್ಲ, ನ್ಯೂಯಾರ್ಕ್ ದಾಳಿಯ ತರುವಾಯ ಅಮೆರಿಕಕ್ಕೆ ಈ ಭಾಗದ ಸಹಕಾರ ಬೇಕಾಗಿತ್ತು. ಇಸ್ರೋದ ಕೊನೆಯ ಘಟಕಗಳು ಪಟ್ಟಿಯಿಂದ ಹೊರಬರಲು ಮಾತ್ರ 2011ರ ಜನವರಿಯವರೆಗೆ ಕಾಯಬೇಕಾಯಿತು.

ಪ್ರಾದೇಶಿಕ ಒಕ್ಕೂಟಗಳೂ ಈ ಅಸ್ತ್ರ ಬಳಸುತ್ತವೆ. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನಾ ಕ್ಷಿಪ್ರಕ್ರಾಂತಿ ನಡೆದಾಗ ಪಶ್ಚಿಮ ಆಫ್ರಿಕಾದ ಒಕ್ಕೂಟ 'ಇಕೋವಾಸ್' ಗಡಿ ಮುಚ್ಚಿ ವ್ಯಾಪಾರ ತಡೆಯಿತು. ನೈಜೀರಿಯಾ ವಿದ್ಯುತ್ ಪೂರೈಕೆ ಕಡಿತಗೊಳಿಸಿತು. ಕತ್ತಲಲ್ಲಿ ಕುಳಿತವರು ಸಾಮಾನ್ಯ ಜನ, ಸೇನಾಡಳಿತ ಕದಲಲಿಲ್ಲ. 2024ರ ಫೆಬ್ರುವರಿಯಲ್ಲಿ ಒಕ್ಕೂಟ ಬಹುಪಾಲು ನಿರ್ಬಂಧಗಳನ್ನು ಹಿಂಪಡೆಯಿತು. ಅಷ್ಟರಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಒಕ್ಕೂಟ ತೊರೆಯುವುದಾಗಿ ಸಾರಿದ್ದವು. 2025ರ ಜನವರಿಯಲ್ಲಿ ತೊರೆದೇಬಿಟ್ಟವು.