ಬೂದಿದಿಬ್ಬದ ಕೊರಲೆ

ಗ್ವಾಟೆಮಾಲಾದ ಕಾಡಿನಡಿ ಅಡಗಿದ್ದ ಮಾಯಾ ಜನರ 60,000ಕ್ಕೂ ಹೆಚ್ಚು ಕಟ್ಟಡಗಳನ್ನ ವಿಮಾನದಿಂದ ಲೇಸರ್ ಹಾಯಿಸಿ ಪತ್ತೆಹಚ್ಚಿದ ಸುದ್ದಿ 2018ರಲ್ಲಿ ಬಂತು. ನಾನೂ ಬೆರಗಾದೆ. ಆದ್ರೆ ನಮ್ಮ ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಕಥೆ ಅದಕ್ಕಿಂತ ಹಳೇದು.

ನಿಂಬಾಪುರದ ದಿಬ್ಬ ವಾಲಿಯನ್ನ ಸುಟ್ಟ ಬೂದಿ ಅಂತಾರೆ ಜನ. ಕೆಲವು ಬ್ರಿಟಿಷರು ಜ್ವಾಲಾಮುಖಿ ಅಂದ್ರು. ಇದು ಸುಟ್ಟ ಸಗಣಿ ಅಂತ ಗುರುತಿಸಿದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದೆ ಝಾಯ್ನರ್ ಅದನ್ನ ಲ್ಯಾಬಲ್ಲಿ ಪರೀಕ್ಷಿಸಿ ಹೌದು ಅಂದರು. ಉಟ್ನೂರಲ್ಲಿ ಅಗೆದ ಆಲ್ಚಿನ್‌ಗೆ ದನಗಳ ಗೊರಸಿನ ಗುರುತೇ ಸಿಕ್ಕಿತು. ಅಲ್ಲಿಗೆ ಅದು ದೊಡ್ಡಿ ಅನ್ನೋದು ಖಾತ್ರಿಯಾಯ್ತು.

ಆ ಜನ ಉಣ್ತಿದ್ದದ್ದೇನು? ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತವರ ಜೊತೆಗಾರರು ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನ ನೀರಲ್ಲಿ ಕದಡಿ, ತೇಲಿಬಂದ ಕರಕಲು ಕಾಳು ಹೆಕ್ಕಿದರು. ಹುರುಳಿ, ಹೆಸರು, ಜೊತೆಗೆ ಕೊರಲೆ! 3,500 ವರ್ಷಕ್ಕೂ ಹಳೇದು.

ನಮ್ಮ ಕಳ್ಳಂಬೆಳ್ಳದ ಸುತ್ತ, ಶಿರಾ, ಮಧುಗಿರಿ, ಪಾವಗಡದ ಕಡೆ ಬೆಳೆಯೋದೂ ಇದೇ ಕೊರಲೆ. ಬಡವರ ಅನ್ನ ಅಂತ ಮೂಗು ಮುರೀತಿದ್ವಿ. ಈಗ ಬೆಂಗಳೂರಲ್ಲಿ ಸಿರಿಧಾನ್ಯ ಅಂತ ಪ್ಯಾಕೆಟ್ ತಗೋತೀನಿ.

ಸಂಗನಕಲ್ಲಿನ ಗುಡ್ಡಗಳನ್ನ ಮಾತ್ರ ಕಲ್ಲುಗಣಿ ತಿಂದಿದೆ. ಆ ಮಣ್ಣು ಜಲ್ಲಿ ಲಾರಿ ಹತ್ತಿದ ಮೇಲೆ ಯಾವ ಲೇಸರ್ ತಂದ್ರೂ ಕಾಳು ಸಿಗಲ್ಲ.